ಅಂಗೈಯಗಲದ ಕೌದಿ

ಸಭೆಗೆ ನಮಸ್ಕಾರ.

ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಕೌದಿಯನ್ನು ಪರಿಚಯಿಸಬೇಕಾಗಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಅಂಚಿಗೆ ಸಾಲುಹೊಲಿಗೆ ಹಾಕಿದ ಆ ಹೊದಿಕೆಯ ಭಾರ ನಮ್ಮ ಮೈಗೇ ನೆನಪಿದೆ. ನಾನು ಇಂದು ಮಾತನಾಡಲಿರುವುದು ಹೊದೆಯಲು ಬಾರದ ಕೌದಿಯ ಬಗ್ಗೆ: ಒಂದು ಅಡಿಗಿಂತ ದೊಡ್ಡದಲ್ಲದ, ಆದರೂ ದೊಡ್ಡ ಕೌದಿಯ ಎಲ್ಲ ತುಂಡುಗಳನ್ನೂ ಎಲ್ಲ ಸಾಲುಗಳನ್ನೂ ತನ್ನೊಳಗೆ ಇಟ್ಟುಕೊಂಡಿರುವ ಕಿರುಗೌದಿಯ ಬಗ್ಗೆ.

ತೊಟ್ಟಿಲಿಗೆ ಹಾಸುವ ಪುಟ್ಟ ಕೌದಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದು ಗಾತ್ರದಲ್ಲಿ ಸಣ್ಣದು, ಆದರೆ ಅದರ ತುಂಡು, ದಾರ, ಹೊಲಿಗೆಗಳೆಲ್ಲ ದೊಡ್ಡ ಕೌದಿಯವೇ. ಕಿರುಗೌದಿಯಲ್ಲಿ ಪ್ರತಿಯೊಂದು ಅಂಗವೂ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕು. ಪಕ್ಕದಲ್ಲಿ ಬೇರೇನೂ ಇಡದೆ ಅದರ ಫೋಟೊ ತೆಗೆದರೆ, ನೋಡಿದವರಿಗೆ ಅದು ಮಂಚದ ಮೇಲಿನ ಕೌದಿಯೋ ಅಂಗೈ ಮೇಲಿನದೋ ತಿಳಿಯಬಾರದು. ನನ್ನ ಮಟ್ಟಿಗೆ ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಇಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾ ಪಟ್ಟಣದಲ್ಲಿ 1985ರಲ್ಲಿ ಆರಂಭವಾದ ಕ್ವಿಲ್ಟ್, ಅಂದರೆ ಅಲ್ಲಿನವರ ಕೌದಿಯ, ಪ್ರದರ್ಶನದಲ್ಲಿ ಕಿರುಗಾತ್ರದ ಕ್ವಿಲ್ಟ್‌ಗಳಿಗೆ ಪ್ರತ್ಯೇಕ ಸ್ಪರ್ಧೆಯೇ ಇದೆ. ಅಲ್ಲಿ ಬದಿಯ ಉದ್ದ 24 ಅಂಗುಲ ಮೀರುವಂತಿಲ್ಲ, ಮತ್ತು ವಿನ್ಯಾಸವೂ ಅದಕ್ಕೆ ತಕ್ಕಂತೆ ಕಿರಿದಾಗಿರಬೇಕು.

ನನ್ನನ್ನು ಇದಕ್ಕೆ ಎಳೆದದ್ದು ತಾಯಿಯ ಒಂದು ಇಳಕಲ್ ಸೀರೆ. ಉಟ್ಟೂ ಒಗೆದೂ ಅದರ ಒಡಲು ಜಾಳುಜಾಳಾಗಿತ್ತು. ಹೊದಿಕೆಗೆ ಬೇಕಾದಷ್ಟು ಗಟ್ಟಿ ಬಟ್ಟೆ ಅದರಲ್ಲಿ ಉಳಿದಿರಲಿಲ್ಲ. ಅಲ್ಲೊಂದು ಇಲ್ಲೊಂದು ಅಂಗೈಯಗಲದ ಜಾಗ ಮಾತ್ರ ಉಳಿದಿತ್ತು. ದೊಡ್ಡ ಕೌದಿ ಬೇಡವೆನ್ನುವ ಇಂಥ ಚೂರುಗಳು ಕಿರುಗೌದಿಗೆ ಸಾಕಷ್ಟಾಗುತ್ತವೆ. ಇನ್ನೊಂದು ಸೆಳೆತ ಕಣ್ಣಿಗೆ ಸಂಬಂಧಿಸಿದ್ದು. ಹೊಲಿಯುತ್ತಿರುವಾಗ ದೊಡ್ಡ ಕೌದಿಯನ್ನು ಇಡಿಯಾಗಿ ನೋಡಲಾಗುವುದಿಲ್ಲ, ತೊಡೆಯ ಮೇಲಿನ ಭಾಗವಷ್ಟೇ ಕಾಣುತ್ತದೆ. ಕಿರುಗೌದಿಯಲ್ಲಿ ಒಂದು ಕೆಂಪು ಚೂರನ್ನು ಅತ್ತಿಂದಿತ್ತ ಸರಿಸಿದರೆ ಇಡೀ ಮೇಳ ಬದಲಾಗುವುದು ಆ ಕ್ಷಣವೇ ಕಣ್ಣಿಗೆ ಬೀಳುತ್ತದೆ.

ಸಣ್ಣದಾದ್ದರಿಂದ ಬೇಗ ಮುಗಿಯುತ್ತದೆ ಎಂದು ಹಲವರು ಭಾವಿಸುತ್ತಾರೆ. ತುಂಡುಗಳ ಸಂಖ್ಯೆ ಅಷ್ಟೇ ಇರುವಾಗ ಕೆಲಸ ಕಡಿಮೆಯಾಗುವುದಾದರೂ ಹೇಗೆ?

ಈ ಕಲೆಯ ಎಲ್ಲ ಕಷ್ಟಗಳಿಗೂ ಬೇರು ಒಂದೇ: ವಿನ್ಯಾಸವನ್ನು ಕುಗ್ಗಿಸಬಹುದು, ಬಟ್ಟೆಯನ್ನು ಕುಗ್ಗಿಸಲಾಗದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಯನ್ನು ಆರನೇ ಒಂದು ಪ್ರಮಾಣಕ್ಕೆ ಇಳಿಸಿದರೆ 12 ಅಂಗುಲ ಉದ್ದ, 8 ಅಂಗುಲ ಅಗಲದ ಕೌದಿಯಾಗುತ್ತದೆ. ಒಂದೂವರೆ ಅಂಗುಲದ ಚೌಕ ಕಾಲು ಅಂಗುಲಕ್ಕೆ ಇಳಿಯುತ್ತದೆ. ಆದರೆ ನೂಲಿನ ದಪ್ಪ ಇದ್ದಷ್ಟೇ ಇರುತ್ತದೆ, ಸೂಜಿಯ ತೂತು ಇದ್ದಷ್ಟೇ ಇರುತ್ತದೆ, ನಮ್ಮ ಬೆರಳುಗಳೂ ಅವೇ.

ಹೊಲಿಗೆಗೆ ಬಿಡುವ ಮಾರ್ಜಿನ್ನನ್ನೇ ನೋಡಿ. ತುಂಡು ಜೋಡಿಸುವಾಗ ಸುತ್ತಲೂ ಕಾಲು ಅಂಗುಲ ಬಿಡುವುದು ರೂಢಿ. ಮೂರು ಅಂಗುಲದ ಚೌಕ ಬೇಕಾದರೆ ಮೂರೂವರೆ ಅಂಗುಲ ಕತ್ತರಿಸುತ್ತೇವೆ. ಬಟ್ಟೆಯ ಮುಕ್ಕಾಲು ಪಾಲಿನಷ್ಟು ಮೇಲೆ ಕಾಣುತ್ತದೆ. ಕಾಲು ಅಂಗುಲದ ಚೌಕಕ್ಕೆ ಅದೇ ಲೆಕ್ಕದಲ್ಲಿ ಮುಕ್ಕಾಲು ಅಂಗುಲ ಕತ್ತರಿಸಬೇಕು, ಆಗ ಮೇಲೆ ಕಾಣುವುದು ಬಟ್ಟೆಯ ಒಂಬತ್ತನೇ ಒಂದು ಪಾಲು ಮಾತ್ರ, ಉಳಿದ ಎಂಟು ಪಾಲು ಹಿಂದೆ ಒಂದರ ಮೇಲೊಂದು ಬಿದ್ದು ಗಂಟಾಗುತ್ತದೆ. ನನ್ನ ಮೊದಲ ಕಿರುಗೌದಿ ಹೀಗೆಯೇ ಹಲಗೆಯಂತೆ ಬಿರುಸಾಗಿ, ನಡುವೆ ಉಬ್ಬಿಕೊಂಡಿತು. ಹೊಲಿದ ಮೇಲೆ ಮಾರ್ಜಿನ್ನನ್ನು ಅಂಗುಲದ ಎಂಟನೇ ಒಂದು ಪಾಲಿಗೆ ಕತ್ತರಿಸಬೇಕೆಂದು ಆಮೇಲೆ ಕಲಿತೆ. ಅಷ್ಟು ಕಿರಿದಾದ ಅಂಚು ಎಳೆ ಬಿಡುತ್ತದೆ. ಆದ್ದರಿಂದಲೇ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಳ್ಳುತ್ತೇನೆ. ಗಂಜಿ ಕುಡಿದ ಬಟ್ಟೆ ಕಾಗದದಂತೆ ನೇರವಾಗಿ ಕತ್ತರಿಗೆ ಸಿಗುತ್ತದೆ, ಅದರ ಎಳೆಗಳೂ ಹಿಡಿದುಕೊಂಡಿರುತ್ತವೆ.

ತಪ್ಪಿನ ಲೆಕ್ಕವೂ ಇಲ್ಲಿ ನಿರ್ದಯವಾದದ್ದು. ಒಂದೊಂದು ಜೋಡಣೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಇಪ್ಪತ್ತು ಜೋಡಣೆಗಳಲ್ಲಿ ಒಂದು ಸೆಂಟಿಮೀಟರ್ ಆಗುತ್ತದೆ, ಅಂದರೆ ಒಂದೂವರೆ ಚೌಕಕ್ಕಿಂತ ಹೆಚ್ಚು. ಇದಕ್ಕೆ ನಾನು ಕಂಡ ಉತ್ತಮ ಉಪಾಯ ಕಾಗದದ ಆಧಾರ. ವಿನ್ಯಾಸವನ್ನು ತೆಳು ಕಾಗದದ ಮೇಲೆ ಬರೆದು, ಬಟ್ಟೆಯನ್ನು ಹಿಂಬದಿಗಿಟ್ಟು, ಗೆರೆಯ ಮೇಲೆಯೇ ಹೊಲಿಯುತ್ತ ಹೋಗುವುದು. ಹೊಲಿಗೆಯ ಉದ್ದ ಒಂದೂವರೆ ಮಿಲಿಮೀಟರ್ ಇದ್ದರೆ ತೂತುಗಳು ಒತ್ತೊತ್ತಾಗಿ ಬಿದ್ದು, ಕೊನೆಗೆ ಕಾಗದ ಸುಲಭವಾಗಿ ಹರಿದು ಬರುತ್ತದೆ.

ಬಟ್ಟೆಯ ಆಯ್ಕೆಯೂ ಅಷ್ಟೇ ಎಚ್ಚರ ಬೇಡುತ್ತದೆ. ಇಳಕಲ್ ಸೀರೆಯ ಟೋಪತೆನಿ ಸೆರಗನ್ನು, ಅಂದರೆ ಕೆಂಪು ಬಿಳಿ ವಿನ್ಯಾಸದ ಸೆರಗನ್ನು, ಅರ್ಧ ಅಂಗುಲಕ್ಕೆ ಕತ್ತರಿಸಿದರೆ ಉಳಿಯುವುದು ಬರಿಯ ಕೆಂಪು. ಗುಳೇದಗುಡ್ಡದ ಖಣದ ಪುಟ್ಟ ಬುಟ್ಟಾಗಳು ಕಿರುಗೌದಿಯ ಅಳತೆಗೆ ಹೇಳಿ ಮಾಡಿಸಿದಂತಿವೆ, ಆದರೆ ಖಣದ ನೇಯ್ಗೆ ದಪ್ಪ, ಅಂಚು ಬಲುಬೇಗ ಬಿಚ್ಚಿಕೊಳ್ಳುತ್ತದೆ. ಕಣ್ಣಿಗೆ ಒಪ್ಪಿದ ಬಟ್ಟೆ ಸೂಜಿಗೆ ಒಪ್ಪುವುದಿಲ್ಲ. ನಾನು ಖಣವನ್ನು ಕೌದಿಯೊಂದಕ್ಕೆ ನಾಲ್ಕೈದು ಚೂರಿಗಿಂತ ಹೆಚ್ಚು ಬಳಸುವುದಿಲ್ಲ, ಅವನ್ನೂ ಒಂದರ ಪಕ್ಕದಲ್ಲೊಂದು ಇಡುವುದಿಲ್ಲ. ಒಳಪದರಕ್ಕೆ ಸವೆದ ಧೋತರದ ಒಂದೇ ಪದರ ಸಾಕು. ಹತ್ತಿಯ ಹಾಸು ತುಂಬಿದರೆ ಅದು ಸೂಜಿ ಚುಚ್ಚಿಡುವ ದಿಂಬಾಗುತ್ತದೆ.

ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಮಹಿಳೆಯರ ಕೌದಿಯನ್ನು ಕಿರಿದಾಗಿಸಲು ಹೊರಟಾಗ ನಾನು ಸೋತೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿದ ‘ಫೂಲ’ ಇಡುತ್ತಾರೆ, ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಸುತ್ತುವ ಕ್ರಮ ಕಿರಿದಾಯಿತು, ಫೂಲ ಆಗಲಿಲ್ಲ. ಎಷ್ಟು ಸಣ್ಣ ಚೂರು ತೆಗೆದುಕೊಂಡರೂ ಮಡಿಕೆಗಳ ದಪ್ಪ ಕಡಿಮೆಯಾಗದೆ ಅದು ಮೂಲೆಯಲ್ಲಿ ಗುಂಡಿಯಂತೆ ಎದ್ದು ಕೂತಿತು. ಮಡಿಸದೆ ಚಪ್ಪಟೆ ಚೂರೊಂದನ್ನು ಅಂಟಿಸಬಹುದಿತ್ತು, ಆದರೆ ಅದನ್ನು ಫೂಲ ಎಂದು ಕರೆಯಲು ಮನಸ್ಸು ಬರಲಿಲ್ಲ.

ಕೊನೆಗೆ ಉಳಿಯುವುದು ಸಾಲುಹೊಲಿಗೆ. ದೊಡ್ಡ ಕೌದಿಯ ಹೊಲಿಗೆ ಅಕ್ಕಿಕಾಳಿನಷ್ಟು, ಸುಮಾರು ಆರು ಮಿಲಿಮೀಟರ್. ಆರನೇ ಒಂದು ಪ್ರಮಾಣಕ್ಕೆ ಅದು ಒಂದು ಮಿಲಿಮೀಟರ್ ಆಗಬೇಕು. ಮೂರು ಪದರಗಳ ಮೂಲಕ ಅದು ನನ್ನ ಕೈಗೆ ಸಾಧ್ಯವಾಗಿಲ್ಲ. ಸಣ್ಣ ಸೂಜಿ, ಒಂಟಿ ಎಳೆ, ಬೆಳಗಿನ ಬೆಳಕು ಎಲ್ಲ ಇದ್ದರೂ ಎರಡು ಮಿಲಿಮೀಟರಿಗೆ ನಿಂತಿದ್ದೇನೆ. ಹೀಗಾಗಿ ನನ್ನ ಕೌದಿಗಳು ಫೋಟೊದ ಪರೀಕ್ಷೆಯಲ್ಲಿ ಇನ್ನೂ ಪೂರ್ತಿ ಗೆದ್ದಿಲ್ಲ: ಬಣ್ಣ ಮೋಸ ಮಾಡುತ್ತದೆ, ತುಂಡುಗಳು ಮೋಸ ಮಾಡುತ್ತವೆ, ದಾರ ನಿಜ ಹೇಳಿಬಿಡುತ್ತದೆ.

ಈಗ ಎರಡು ಕಿರುಗೌದಿಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ಒಂದು ತಾಯಿಯ ಸೀರೆಯದು. ಇನ್ನೊಂದಕ್ಕೆ ಅಸ್ತರಿ ಹಾಕದೆ ಬಿಟ್ಟಿದ್ದೇನೆ. ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು ಹಿಂಬದಿಯ ಮಾರ್ಜಿನ್‌ಗಳನ್ನು ನೋಡಿ.