ಬೀಗ ಹಾಕಿದ ಮನೆಯ ನೆಟ್: ಹೋದದ್ದು ಕರೆಂಟಾ, ಕೇಬಲ್ಲಾ?

ಕಾರ್ಕಳದ ಕಡೆಯ ಒಂದು ತೋಟದ ಮನೆ. ಮನೆಯವರು ಇರುವುದು ಮಂಗಳೂರಿನಲ್ಲೋ, ದುಬೈಯಲ್ಲೋ. ಚಾವಡಿಯಲ್ಲಿ ರೌಟರ್, ಅಂಗಳಕ್ಕೆ ಎರಡು ಕ್ಯಾಮೆರಾ. ಜೂನ್ ತಿಂಗಳ ಗಾಳಿಮಳೆ ಶುರುವಾದರೆ ಮೊಬೈಲ್‌ನಲ್ಲಿ ಕಾಣುವುದು 'ಆಫ್‌ಲೈನ್' ಅಂತ ಒಂದೇ ಮಾತು. ಫೋನ್ ಮಾಡುವುದು ಯಾರಿಗೆ? ಮೆಸ್ಕಾಂಗಾ, ಕೇಬಲ್‌ನವರಿಗಾ? ಅದನ್ನು ಹೇಳುವ ವ್ಯವಸ್ಥೆ ಇವತ್ತು ಜೋಡಿಸುವ.

ಮೊದಲು ರೌಟರ್‌ನ ಪೇಜ್ ತೆರೆದು ವ್ಯಾನ್ ಐಪಿ, ಅಂದರೆ ಕೇಬಲ್‌ನವರು ರೌಟರ್‌ಗೆ ಕೊಟ್ಟ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗೆ ಇದ್ದರೆ ನಿಮ್ಮದು ಸಿಜಿ-ನ್ಯಾಟ್. ಒಂದೇ ಹೊರ ವಿಳಾಸದ ಹಿಂದೆ ಹಲವು ಮನೆಗಳಿರುತ್ತವೆ, ಹೊರಗಿನಿಂದ 'ಇದ್ದೀಯಾ?' ಅಂತ ಮಾಡಿದ ಪಿಂಗ್ ನಿಮ್ಮ ಬಾಗಿಲಿಗೆ ಮುಟ್ಟುವುದಿಲ್ಲ. ಹಾಗಾಗಿ ನಾವು ಕರೆಯುವುದಲ್ಲ, ಮನೆಯೇ ಹೊತ್ತುಹೊತ್ತಿಗೆ 'ಓ' ಅನ್ನಬೇಕು. ದನಿ ನಿಂತರೆ ನಮಗೆ ಮೆಸೇಜ್.

ಇದಕ್ಕೆ ಒಂದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್ ಸಾಕು. ದನಿ ನಿಂತರೆ ಮೆಸೇಜ್ ಕಳಿಸುವ ಹೆಲ್ತ್‌ಚೆಕ್ಸ್ ಡಾಟ್ ಐಓ ವೆಬ್‌ಸೈಟಿನಲ್ಲಿ ಉಚಿತ ಖಾತೆ ಮಾಡಿ, ಅದು ಕೊಡುವ ಲಿಂಕನ್ನು ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವುದು) 5 ನಿಮಿಷಕ್ಕೊಮ್ಮೆ ಕರ್ಲ್ (ಲಿಂಕ್ ತೆರೆಯುವ ಕಮಾಂಡ್) ಮೂಲಕ ಮುಟ್ಟಿಸಿ. 10 ಸೆಕೆಂಡಿನ ಟೈಮೌಟ್ ಮರೆಯಬೇಡಿ, ಇಲ್ಲದಿದ್ದರೆ ನೆಟ್ ಸಿಕ್ಕಿಹಾಕಿಕೊಂಡಾಗ ಕಮಾಂಡ್‌ಗಳು ಒಂದರ ಮೇಲೊಂದು ರಾಶಿ ಬೀಳುತ್ತವೆ. ಗ್ರೇಸ್ ಟೈಮ್, ಅಂದರೆ ದನಿ ನಿಂತ ಮೇಲೆ ಮೆಸೇಜ್ ಕಳಿಸುವ ಮೊದಲು ಕಾಯುವ ಹೊತ್ತು, 15 ನಿಮಿಷ ಇಡಿ. ಮಳೆಗಾಲದಲ್ಲಿ ಎರಡು ನಿಮಿಷ ಹೋಗಿ ಬರುವುದು ಮಾಮೂಲು. ಅದಕ್ಕೆಲ್ಲ ಫೋನ್ ಕೂಗಿದರೆ ವಾರದೊಳಗೆ ನೀವು ಮೆಸೇಜ್ ನೋಡುವುದನ್ನೇ ಬಿಡುತ್ತೀರಿ.

ಈಗ ಮುಖ್ಯ ವಿಷಯ. ಈ ಎರಡು ಪ್ಲಗ್ ನೋಡಿ. ಎಡಗಡೆಯದು ಯುಪಿಎಸ್‌ನಲ್ಲಿ: ರೌಟರ್, ಫೈಬರ್ ಡಬ್ಬಿ (ಫೈಬರ್ ಕೇಬಲ್ ಬಂದು ಸೇರುವ ಮೋಡೆಮ್), ಪೈ. ಬಲಗಡೆಯದು ನೇರ ಗೋಡೆಯ ಸಾಕೆಟ್‌ಗೆ: ನೋಡ್‌ಎಂಸಿಯು ಎಂಬ ಒಂದು ಸಣ್ಣ ವೈಫೈ ಬೋರ್ಡ್, ಹಳೆಯ ಚಾರ್ಜರ್‌ನಲ್ಲಿ. ಅದಕ್ಕೂ ತನ್ನದೇ ಬೇರೆ ಲಿಂಕ್. ಬೋರ್ಡ್ ಮಾತ್ರ ಸುಮ್ಮನಾದರೆ ಕರೆಂಟ್ ಹೋಗಿದೆ, 1912ಕ್ಕೆ ಫೋನ್ ಮಾಡಿ. ಎರಡೂ ಒಟ್ಟಿಗೆ ಸುಮ್ಮನಾದರೆ ಫೈಬರ್ ಅಥವಾ ರೌಟರ್. ಬೋರ್ಡ್ ಮೊದಲು, ಎರಡು ಗಂಟೆ ಬಿಟ್ಟು ಪೈ ಹೋದರೆ ಯುಪಿಎಸ್ ಖಾಲಿ. ಯುಪಿಎಸ್‌ನ ಬ್ಯಾಟರಿ ಸತ್ತಿದ್ದರೆ ಈ ಲೆಕ್ಕ ತಪ್ಪುತ್ತದೆ. ಅದಕ್ಕೇ ಮನೆಗೆ ಹೋದಾಗಲೆಲ್ಲ ಎಂಸಿಬಿ ಸ್ವಿಚ್ ಇಳಿಸಿ, ಯುಪಿಎಸ್ ಒಂದು ಗಂಟೆ ನಿಲ್ಲುತ್ತದಾ ನೋಡಿ.

ಯುಪಿಎಸ್ ಕೊಳ್ಳುವಾಗ ಹೆಚ್ಚಿನವರು ತಪ್ಪುವುದು ಇಲ್ಲಿ. ಯುಪಿಎಸ್‌ನ ಮೇಲೆ 8,800 ಎಂಎಎಚ್ ಅಂತ ಇದ್ದರೆ ಅದನ್ನು ಹೊರಗೆ ಕೊಡುವ 12 ವೋಲ್ಟ್‌ಗೆ ಗುಣಿಸಬೇಡಿ. ಆ ಅಂಕಿ ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್‌ಗಳದ್ದು, ಒಟ್ಟು ಸುಮಾರು 32 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಹೋಗುವುದನ್ನು ಕಳೆದರೆ 26 ಉಳಿದೀತು. ರೌಟರ್, ಡಬ್ಬಿ, ಪೈ ಸೇರಿ 10 ವ್ಯಾಟ್ ಎಳೆದರೆ ಎರಡೂವರೆ ಗಂಟೆ.

ಪೈಯಲ್ಲಿ ಒಂದು ಲಾಗ್ ಕೂಡ ಬರೆಸಿ: ಮೊದಲು ರೌಟರ್‌ಗೆ ಪಿಂಗ್, ಆಮೇಲೆ ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1. ರೌಟರ್ ಓಗೊಟ್ಟು ಉಳಿದೆರಡು ಸುಮ್ಮನಿದ್ದರೆ ತೊಂದರೆ ಹೊರಗಿನ ಲೈನ್‌ನಲ್ಲಿ ಇರುವ ಸಂಭವ ಹೆಚ್ಚು. ಒಂದು ಎಚ್ಚರ: ಪೈ ಝೀರೋದಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಬಂದು ನೆಟ್ ಬಾರದಿದ್ದರೆ ಲಾಗ್‌ನ ಸಮಯ ತಪ್ಪಿರುತ್ತದೆ. ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಮಾಡ್ಯೂಲ್ ಹಾಕಿ. ಕೇಬಲ್‌ನವರಿಗೆ ಗಂಟೆ, ನಿಮಿಷ ಸಮೇತ ದೂರು ಕೊಡಬೇಕಾದರೆ ಅದು ಬೇಕೇ ಬೇಕು.

ಫೈಬರ್ ಡಬ್ಬಿಯನ್ನು ಕಿಟಕಿಯ ಹತ್ತಿರವೇ ಇಡಿ. ಬೀಗ ತೆಗೆಯದೆ ಪಕ್ಕದ ಮನೆಯವರು ನೋಡಬಹುದು: "ಅಣ್ಣಾ, ಎಲ್‌ಓಎಸ್ ಹತ್ರ ಕೆಂಪು ಲೈಟ್ ಮಿಣುಕ್ತಾ ಉಂಟಾ?" ಉಂಟು ಅಂದರೆ ಬೆಳಕು ಡಬ್ಬಿಗೆ ಬರುತ್ತಿಲ್ಲ. ಹೆಚ್ಚಾಗಿ ತೆಂಗಿನ ಮಡಲು ಬಿದ್ದು ತುಂಡಾಗಿರುತ್ತದೆ. ನೆಟ್ ಇರುವಾಗಲೇ ಡಬ್ಬಿಯ ಪೇಜ್‌ನಲ್ಲಿ ಆರ್‌ಎಕ್ಸ್ ಪವರ್ (ಡಬ್ಬಿಗೆ ಬರುವ ಬೆಳಕಿನ ಬಲ) ಬರೆದಿಟ್ಟುಕೊಳ್ಳಿ. ಬೇಸಗೆಯಲ್ಲಿ ಮೈನಸ್ 19 ಡಿಬಿಎಂ ಇದ್ದದ್ದು ಮೈನಸ್ 26ಕ್ಕೆ ಇಳಿದಿದ್ದರೆ ಎಲ್ಲೋ ಕೇಬಲ್ ಮಡಚಿದೆ, ಇಲ್ಲವೇ ಜೋಡಣೆ ಕೆಟ್ಟಿದೆ. ಮೈನಸ್ 27 ದಾಟಿದರೆ ನೆಟ್ ನಿಲ್ಲಬಹುದು. ಅದಕ್ಕೆ ಮೊದಲೇ ಹೇಳಿ ಸರಿ ಮಾಡಿಸಿ.

ರೌಟರ್ ತಾನಾಗಿ ರೀಸ್ಟಾರ್ಟ್ ಆಗಲು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕುವುದಾದರೆ ವಯರನ್ನು ಎನ್‌ಸಿ ಕಡೆಗೆ, ಅಂದರೆ ರಿಲೇ ಸುಮ್ಮನಿರುವಾಗ ಜೋಡಿಕೊಂಡೇ ಇರುವ ಕಡೆಗೆ, ಕೊಡಿ. ಆಗ ರಿಲೇ ಬೋರ್ಡ್ ಸತ್ತರೂ ರೌಟರ್‌ಗೆ ಕರೆಂಟ್ ನಿಲ್ಲುವುದಿಲ್ಲ. ಗಂಟೆಗೆ ಒಂದಕ್ಕಿಂತ ಹೆಚ್ಚು ಸಲ ರೀಸ್ಟಾರ್ಟ್ ಬೇಡ.

ಕೊನೆಗೆ ಸಿಡಿಲು. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯದು. ಅದರ ಜೊತೆ ಬರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ, ಅದನ್ನು ಮನೆಯ ಹೊರಗೇ ನಿಲ್ಲಿಸಿ. ಪಂಪ್‌ಶೆಡ್‌ಗೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಇದ್ದರೆ ತೆಗೆದು ವೈಫೈ ಮಾಡಿ.