ಎಂಟು ದಿನದ ನೀರು, ಹನ್ನೆರಡು ದಿನದ ಸರದಿ

ಕೇಳುಗರೇ, ನಮಸ್ಕಾರ.

ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿ ಹತ್ತಿರದ ನವಿಲುತೀರ್ಥದಿಂದ. ಅಲ್ಲಿಯ ಮಲಪ್ರಭಾ ಜಲಾಶಯದ ಪೂರ್ಣ ಮಟ್ಟ 2079.5 ಅಡಿ. ಹುಬ್ಬಳ್ಳಿಗೆ ನೆರವಾಗುವ ನೀರಸಾಗರ ಸುತ್ತಲಿನ ಮಳೆಯನ್ನೇ ನೆಚ್ಚಿಕೊಂಡದ್ದು. ಮಳೆ ಕೈಕೊಟ್ಟ ವರ್ಷ ತಳ ಕಾಣುತ್ತದೆ. ಗದಗ-ಬೆಟಗೇರಿಗೆ ತುಂಗಭದ್ರೆಯೇ ಗತಿ. ಮೂಲ ಯಾವುದೇ ಇರಲಿ, ಕೊರತೆ ಬಂದಾಗ ನಳದ ಸರದಿ ಹಿಗ್ಗುತ್ತದೆ. ಎಂಟು ದಿನಕ್ಕೊಮ್ಮೆ ಬರುವ ನೀರು ಹನ್ನೆರಡು ದಿನಕ್ಕೊಮ್ಮೆ ಬಂದರೆ ಏನಾಗುತ್ತದೆ ನೋಡಿ.

ಐದು ಮಂದಿಯ ಮನೆ, ತಲೆಗೆ ದಿನಕ್ಕೆ 70 ಲೀಟರ್ ಎಂದುಕೊಳ್ಳಿ. ಎಂಟು ದಿನಕ್ಕೆ 2800 ಲೀಟರ್ ಬೇಕು. ಅದೇ ನೀರು ಹನ್ನೆರಡು ದಿನ ಬಾಳಬೇಕಾದರೆ ತಲೆಗೆ ದಿನಕ್ಕೆ ಸುಮಾರು 47 ಲೀಟರ್ ಮಾತ್ರ. ಸ್ನಾನಕ್ಕೆ ಕತ್ತರಿ ಹಾಕುವ ಮೊದಲು, ಟ್ಯಾಂಕರಿಗೆ ಫೋನ್ ಮಾಡುವ ಮೊದಲು, ಸಂಪಿಗೆ ಬಿದ್ದ ನೀರು ಸಂಪಿನಲ್ಲೇ ನಿಲ್ಲುತ್ತದೆಯೇ ನೋಡಿ.

ರಾತ್ರಿ ಮೋಟರ್ ಬಂದ್ ಮಾಡಿ. ಒಣ ಕೋಲೊಂದನ್ನು ಸಂಪಿನ ತಳಕ್ಕೆ ಮುಟ್ಟಿಸಿ, ಒದ್ದೆಯಾದಲ್ಲಿಗೆ ಗುರುತು ಹಾಕಿ. ಹನ್ನೆರಡು ತಾಸಿನ ನಂತರ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 40 ಲೀಟರ್ ಹೋಯಿತು. ಎಂಟು ದಿನಕ್ಕೆ 640 ಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ದಿನದ ಬಳಕೆ. ಮುಚ್ಚಳ ಹಾಕಿದ ಸಂಪಿನಲ್ಲಿ ಆವಿಯಾಗುವುದು ತೀರಾ ಕಡಿಮೆ. ಬಿಸಿಲಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ನಮ್ಮ ಕಡೆ ಸಂಪು ಸೋರುವುದಕ್ಕೆ ದೊಡ್ಡ ಕಾರಣ ಎರೆಮಣ್ಣು. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗೋಡೆ ಸೀಳುತ್ತದೆ, ಪೈಪು ಗೋಡೆ ದಾಟುವಲ್ಲಿ ಸಂದು ಬಿಡುತ್ತದೆ. ನೀರು ಇಳಿಯುತ್ತಾ ಬಂದು ಒಂದು ಮಟ್ಟಕ್ಕೆ ನಿಂತರೆ ಬಿರುಕನ್ನು ಆ ಮಟ್ಟದಲ್ಲಿ ಹುಡುಕಿ. ಮೇಲೆ ಸಿಮೆಂಟ್ ಸವರಿದರೆ ಉದುರುತ್ತದೆ. ಬಿರುಕನ್ನು ಉಳಿಯಿಂದ ಅಗಲ ಮಾಡಿ, ತೊಳೆದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕು, ಜೊತೆಗೆ ವಾಟರ್‌ಪ್ರೂಫ್ ಪುಡಿ ಕಲಸಿ ತುಂಬಬೇಕು. ಒಂದು ವಾರ ಹಸಿ ಆರದಂತೆ ನೋಡಿಕೊಳ್ಳಬೇಕು. ಹಾಗಾಗಿ ಸರದಿ ನೋಡಿಕೊಂಡೇ ಗೌಂಡಿಯನ್ನು ಕರೆಯಿರಿ.

ನಳ ನಿಂತ ಮೊದಲ ತಾಸಿನಲ್ಲೇ ಮಟ್ಟ ಸರಕ್ಕನೆ ಇಳಿಯುತ್ತದೆಯೇ? ಆಗ ಗೋಡೆ ಬಿಟ್ಟು ಪೈಪು ನೋಡಿ. ಒಳಬರುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ, ಲೈನಿನ ಒತ್ತಡ ಹೋದೊಡನೆ ನಿಮ್ಮ ನೀರು ವಾಪಸ್ ಹೊರಗೆ ಹರಿಯುತ್ತದೆ. ಪೈಪಿನ ಬಾಯಿ ತುಂಬಿದ ಮಟ್ಟಕ್ಕಿಂತ ಗೇಣಿನಷ್ಟು ಮೇಲಿರಲಿ, ಅದಕ್ಕೊಂದು ಬಾಲ್‌ಕಾಕ್ ಇರಲಿ. ಇನ್ನು ಲೈನಿಗೇ ಮೋಟರ್ ಹಚ್ಚಿ ಎಳೆಯುವವರು: ಪಕ್ಕದ ಮನೆಯ ನೀರು ಹೋಗುವುದಷ್ಟೇ ಅಲ್ಲ, ಸಡಿಲ ಜೋಡಣೆಗಳಿಂದ ಗಟಾರದ ಕೊಳೆಯನ್ನೂ ಒಳಗೆ ಎಳೆದುಕೊಳ್ಳುತ್ತಾರೆ.

ಹೊಸ ನೀರು ಬಂತೆಂದು ಹಳೇ ನೀರು ಚೆಲ್ಲುವ ರೂಢಿ ಬಿಡಿ. ಸ್ವಚ್ಛ ನೀರು ಮುಚ್ಚಿಟ್ಟರೆ ಹಾಗೆಲ್ಲ ಕೆಡುವುದಿಲ್ಲ. ಸಂಶಯವಿದ್ದರೆ 1000 ಲೀಟರಿಗೆ ಎರಡೂವರೆ ಗ್ರಾಂ ತಾಜಾ ಬ್ಲೀಚಿಂಗ್ ಪುಡಿ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು, ಒಂದು ತಾಸು ಬಿಡಿ. ತೇವ ಹಿಡಿದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಡ್ರಮ್ಮುಗಳನ್ನು ಮಾತ್ರ ವಾರಕ್ಕೊಮ್ಮೆ ಒಳಗೆ ಉಜ್ಜಲೇಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿರುತ್ತದೆ.

ಸೋರಿಕೆ ಮನೆಯೊಳಗೂ ಇರಬಹುದು. ಫ್ಲಶ್ ಟಾಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಹಾಕಿ, ಕಾಲು ತಾಸು ಬಿಡಿ. ಒತ್ತದೆಯೇ ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ಸವೆದಿದೆ, ಬದಲಿಸಿ.

ಜೂನಿಗೆ ಮೊದಲು ಮಾಳಿಗೆ ಗುಡಿಸಿ. ಸಾವಿರ ಚದರ ಅಡಿಯ ಮಾಳಿಗೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 750 ಲೀಟರಿನಷ್ಟು ಕೈಗೆ ಸಿಗುತ್ತದೆ. ಪ್ರತಿ ಮಳೆಯ ಮೊದಲ 150 ಲೀಟರ್ ಹೊರಗೆ ಬಿಡಿ, ಧೂಳು, ಹಕ್ಕಿಯ ಹಿಕ್ಕೆ ಅದರಲ್ಲೇ ಇರುತ್ತದೆ. ಉಳಿದದ್ದನ್ನು ಕುಡಿಯುವ ಸಂಪಿಗೆ ಸೇರಿಸದೆ ಬೇರೆ ಟಾಕಿಯಲ್ಲಿ ತುಂಬಿ. ಭಾಂಡೆ, ಬಟ್ಟೆ, ಬಚ್ಚಲಿಗೆ ಆಗುತ್ತದೆ. ನಮಸ್ಕಾರ.