ಬಿಸಿಲು ಏರಿದಾಗ ಬರುವ ಹುಳಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮಾರ್ಚ್ ಕಳೆಯುವ ಹೊತ್ತಿಗೆ ನಮ್ಮ ಮಂಡ್ಯ, ಮೈಸೂರು ಕಡೆ ನೆಲ ಕಾದು ಬಿರುಕು ಬಿಡುತ್ತದೆ. ನಾಲೆ ಬಯಲಿನಲ್ಲಿ ಒಂದಿಷ್ಟು ಹಸಿರು ಉಳಿದಿರುತ್ತದೆ. ನಾಗಮಂಗಲದ ಕಡೆ ಹೋದರೆ ಅದೂ ಕಮ್ಮಿ. ರಾಜಸ್ಥಾನದ ಮರಳುಗಾಡಿನಲ್ಲಿ ಹುಳ ಹುಪ್ಪಟೆಗಳು ನೀರು, ನೆರಳು ಹುಡುಕಿಕೊಂಡು ಮನೆಗಳ ಹತ್ತಿರ ಬರುತ್ತವೆ. ನಮ್ಮಲ್ಲಿ ಬೇಸಿಗೆಯ ಎರಡು ಮೂರು ತಿಂಗಳು ನಡೆಯುವುದೂ ಅದೇ. ಸೋರುವ ನಲ್ಲಿ, ಬಚ್ಚಲ ಮೋರಿ, ಹೂಕುಂಡದ ಕೆಳಗಿನ ತಟ್ಟೆ, ಇವೇ ಅವುಗಳ ಕೆರೆ ಬಾವಿ.

ನಾನು ಇವತ್ತು ಕೇಳಿಕೊಳ್ಳುವುದು ಇಷ್ಟೇ. ಹುಳ ಕಂಡ ತಕ್ಷಣ ಸ್ಪ್ರೇ ಡಬ್ಬಿಗೆ ಕೈ ಹಾಕಬೇಡಿ. ಅದು ಯಾವ ಹುಳ, ಯಾಕೆ ಬಂತು ಅಂತ ಮೊದಲು ನೋಡಿ.

ಕೈತೋಟಕ್ಕೆ ಹೋಗೋಣ. ಗುಲಾಬಿ, ಬದನೆ, ಬೀನ್ಸ್ ಗಿಡದ ಎಲೆ ಮಂಕಾಗಿ, ಸಣ್ಣ ಸಣ್ಣ ಹಳದಿ ಚುಕ್ಕೆ ಬೀಳುತ್ತದೆ. ನೀರು ಸಾಲಲಿಲ್ಲ ಅಂತ ನಾವು ಇನ್ನೆರಡು ಚೊಂಬು ಸುರಿಯುತ್ತೇವೆ, ಅಲ್ವಾ? ಒಂದು ಬಿಳಿ ಹಾಳೆ ತನ್ನಿ. ಎಲೆಯನ್ನು ಅದರ ಮೇಲೆ ಹಿಡಿದು ಬೆರಳಲ್ಲಿ ತಟ್ಟಿ. ಬಿದ್ದ ಚುಕ್ಕೆಗಳು ಮೆಲ್ಲಗೆ ಹರಿದಾಡಿದರೆ ಅದು ನುಸಿ. ಎಲೆಯ ಅಡಿ ತೆಳುವಾದ ಬಲೆಯೂ ಕಾಣಬಹುದು. ನುಸಿ ಕೀಟವಲ್ಲ, ಜೇಡದ ಬಳಗ. ದೊಡ್ಡದಾದ ನುಸಿಗೆ ಎಂಟು ಕಾಲು. ಹಾಗಾಗಿ ಕೀಟಕ್ಕೆ ಹೊಡೆಯುವ ಎಷ್ಟೋ ಔಷಧಿ ಇದಕ್ಕೆ ತಾಗುವುದೇ ಇಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನುಸಿಯನ್ನು ತಿಂದು ಬದುಕುವ ಹುಳಗಳು ಆ ಔಷಧಿಗೆ ಸಾಯುತ್ತವೆ. ಆಮೇಲೆ ನುಸಿ ಮೊದಲಿಗಿಂತ ಜಾಸ್ತಿ ಆಗುತ್ತದೆ. ಬಿಸಿಲಿನ ದಿನಗಳಲ್ಲಿ ಮೊಟ್ಟೆ ಒಡೆದು ಬೆಳೆದು ಮತ್ತೆ ಮೊಟ್ಟೆ ಇಡಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು.

ಇದಕ್ಕೆ ಮೊದಲ ಮದ್ದು ನೀರೇ. ಆದರೆ ಬುಡಕ್ಕಲ್ಲ. ಬೆಳಿಗ್ಗೆ ಪೈಪ್ ಹಿಡಿದು ಎಲೆಯ ಅಡಿಭಾಗಕ್ಕೆ ರಭಸವಾಗಿ ಹೊಡೆಯಿರಿ. ಎರಡು ಮೂರು ದಿನಕ್ಕೊಮ್ಮೆ ಮಾಡಿ. ಹತೋಟಿಗೆ ಬರದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದು ಚೂರು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ. ಮಧ್ಯಾಹ್ನ ಹೊಡೆದರೆ ಎಲೆಯೂ ಸುಡುತ್ತದೆ.

ದಾಸವಾಳ, ಸೀಬೆ, ಪಪ್ಪಾಯಿಯ ಮೇಲೆ ಬಿಳಿ ಹಿಟ್ಟು ಮೆತ್ತಿದ್ದರೆ ಅದು ಹಿಟ್ಟು ತಿಗಣೆ. ಇಲ್ಲಿ ತಿಗಣೆಗಿಂತ ಮೊದಲು ಇರುವೆ ನೋಡಿ. ಕಾಂಡದ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿರುತ್ತದೆ. ತಿಗಣೆ ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಆ ಸಿಹಿಗಾಗಿ ಇರುವೆಗಳು ಅದನ್ನು ದನದ ಹಾಗೆ ಕಾಯುತ್ತವೆ. ತಿಗಣೆ ತಿನ್ನಲು ಬರುವ ಗುಲಗಂಜಿ ಹುಳವನ್ನು ಓಡಿಸುತ್ತವೆ. ಆದ್ದರಿಂದ ಕಾಂಡಕ್ಕೆ ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸ್ ಹಚ್ಚಿ. ಗೋಡೆಗೆ ತಾಗುವ ಕೊಂಬೆ ಕತ್ತರಿಸಿ. ಇರುವೆ ನಿಂತರೆ ಅರ್ಧ ಕೆಲಸ ಆಯಿತು. ಉಳಿದದ್ದನ್ನು ಸೋಪಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ.

ಒಂದು ಎಚ್ಚರ. ಆ ಗುಂಪಿನ ನಡುವೆ ತಿಗಣೆಗಿಂತ ದೊಡ್ಡದಾಗಿ, ಉದ್ದುದ್ದ ಬಿಳಿ ಎಳೆಗಳಿದ್ದು, ಚುರುಕಾಗಿ ಓಡಾಡುವ ಮರಿಹುಳ ಕಂಡರೆ ಸಾಯಿಸಬೇಡಿ. ಅದು ತಿಗಣೆ ತಿನ್ನುವ ಒಂದು ಗುಲಗಂಜಿ ಹುಳದ ಮರಿ. ನೋಡಲು ಶತ್ರುವಿನ ಹಾಗೇ ಇರುತ್ತದೆ, ಪಾಪ.

ಪಪ್ಪಾಯಿಯ ಹಿಟ್ಟು ತಿಗಣೆ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಪಪ್ಪಾಯಿ ಜೊತೆ ಹಿಪ್ಪುನೇರಳೆ ತೋಟಗಳೂ ಹಾಳಾದವು. ಎಷ್ಟು ಔಷಧಿ ಹೊಡೆದರೂ ನಿಲ್ಲಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಚಿಕ್ಕ ಕಣಜಗಳನ್ನು ತರಿಸಿ ಬಿಟ್ಟರು. ಅವು ತಿಗಣೆಯೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸಿದವು. ಕಣ್ಣಿಗೆ ಸರಿಯಾಗಿ ಕಾಣದ ಆ ಕಣಜ ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಈಗ ಅಡುಗೆಮನೆ. ಚಳಿಗಾಲದಲ್ಲಿ ಒಣಗಿಸಿಟ್ಟ ಅವರೆ, ಹಲಸಂದೆ, ಹೆಸರುಕಾಳಿನಲ್ಲಿ ಈಗ ದುಂಡನೆ ತೂತು. ಹುಳ ಡಬ್ಬದಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಎಷ್ಟೋ ಸಲ ಹೊಲದಲ್ಲೇ ಕಾಯಿಗೆ ಮೊಟ್ಟೆ ಅಂಟಿಕೊಂಡು ಬಂದಿರುತ್ತದೆ. ಕಾಳಿನ ಮೇಲೆ ಸಣ್ಣ ಬಿಳಿ ಚುಕ್ಕೆ ಕಂಡರೆ ಅದೇ ಮೊಟ್ಟೆ. ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿದ ಮೇಲೆ ಕಿಲೋಗೆ ಒಂದೆರಡು ಚಮಚ ಹರಳೆಣ್ಣೆ ಸವರಿ ಮುಚ್ಚಿಡಿ. ಎಣ್ಣೆ ಮೊಟ್ಟೆಗೆ ಉಸಿರು ಕೊಡುವುದಿಲ್ಲ. ಕಾಳು ಸ್ವಲ್ಪವೇ ಇದ್ದರೆ ಒಂದು ವಾರ ಫ್ರೀಜರಿನಲ್ಲಿಟ್ಟರೂ ಆಯಿತು. ರಾಗಿಗೆ ಇಷ್ಟು ಕಾಟ ಇಲ್ಲ. ನಮ್ಮ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದದ್ದು ಅದಕ್ಕೇ. ಹಿಟ್ಟು ಮಾಡಿಸಿದರೆ ಮಾತ್ರ ಬೇಗ ಹುಳ ಬೀಳುತ್ತದೆ.

ಕೈ ಮುಗಿದು ಕೇಳುತ್ತೇನೆ, ಅಕ್ಕಿ ಮೂಟೆಗೆ ವಿಷದ ಗುಳಿಗೆ ಇಟ್ಟು ಮನೆಯೊಳಗೆ ಮಲಗಬೇಡಿ. ಅದರಿಂದ ಬರುವ ಫಾಸ್ಫೀನ್ ಅನಿಲ ಜೀವ ತೆಗೆಯುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಆ ಗುಳಿಗೆ ಮನೆಗೆ ಬರಲೇಬಾರದು.

ನೀರು ಹಿಡಿದಿಡುವ ಡ್ರಮ್ಮಿನ ಮಾತು. ಡೆಂಗಿ ತರುವ ಈಡಿಸ್ ಸೊಳ್ಳೆ ನೀರಿನ ಮಟ್ಟದ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಖಾಲಿಯಾದರೂ ಅವು ತಿಂಗಳುಗಟ್ಟಲೆ ಒಣಗಿಕೊಂಡು ಬದುಕಿರುತ್ತವೆ. ಮತ್ತೆ ನೀರು ತುಂಬಿದ ಕೂಡಲೇ ಮರಿ. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಲೇಬೇಕು.

ಚೇಳಿನ ಭಯ ಇರುವವರು ಜಿರಳೆ ಕಡಿಮೆ ಮಾಡಿ. ಚೇಳು ಅದನ್ನು ತಿನ್ನಲು ಬರುತ್ತದೆ. ಸೌದೆ, ಇಟ್ಟಿಗೆ ರಾಶಿ ಗೋಡೆಯಿಂದ ದೂರ ಇರಲಿ. ಚಪ್ಪಲಿ ಕೊಡವಿ ಹಾಕಿಕೊಳ್ಳಿ. ಮಕ್ಕಳಿಗೆ ಕುಟುಕಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕೊನೆಗೆ, ಔಷಧಿ ಹೊಡೆಯಲೇಬೇಕಾಗಿ ಬಂದರೆ ಅಕ್ಕಪಕ್ಕದಲ್ಲಿ ರೇಷ್ಮೆ ಹುಳು ಸಾಕುವವರಿಗೆ ಮೊದಲೇ ಹೇಳಿ. ಗಾಳಿಯಲ್ಲಿ ತೇಲಿ ಹೋದ ಔಷಧಿ ಅವರ ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ ಇಡೀ ಹುಳುಮನೆ ಹಾಳಾಗಬಹುದು. ಯಾವ ಹುಳ ಅಂತ ಗೊತ್ತಾಗದಿದ್ದರೆ ಎಲೆ ಸಮೇತ ಒಂದು ಡಬ್ಬಿಗೆ ಹಾಕಿಕೊಂಡು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೋ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತೋರಿಸಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ದಾರಿಯಲ್ಲಿ ಇನ್ನೊಬ್ಬರ ತೋಟಕ್ಕೆ ಹುಳ ಉದುರಬಾರದು.

ನಮಸ್ಕಾರ.